ಧೂಳು ಹೊಡೆದದ್ದು, ಧೂಳು ತೆಗೆದದ್ದು: ಯುಗಾದಿಗೆ ಮುಂಚಿನ ನಾಲ್ಕು ವಾರಗಳ ಲೆಕ್ಕ

ಯುಗಾದಿಗೆ ಮನೆಯ ಧೂಳು ಹೊಡೆಯುವುದು ನಮ್ಮಲ್ಲಿ ಒಂದು ಭಾನುವಾರದ ಕೆಲಸ. ಬೆಳಿಗ್ಗೆ ತಲೆಗೆ ಟವೆಲ್ ಕಟ್ಟಿಕೊಂಡು ಆರಂಭಿಸಿದರೆ ಸಂಜೆ ಸ್ನಾನಕ್ಕೆ ನೀರು ಕಾಯುವ ಹೊತ್ತಿಗೆ ಮುಗಿದಿರುತ್ತಿತ್ತು. 2025ರಲ್ಲಿ ಅದೇ ಕೆಲಸ ನಾಲ್ಕು ವಾರ ಹಿಡಿಯಿತು, ಮತ್ತು ಈ ಟಿಪ್ಪಣಿಯನ್ನು ಬರೆಯುತ್ತಿರುವ ರಾಮನವಮಿಯ ದಿನವೂ ಒಂದು ಗೋಡೆ ಬಾಕಿ ಉಳಿದಿದೆ.

ಕಾರಣ ಇಷ್ಟು. ಹನ್ನೊಂದು ವರ್ಷದ ಮಗಳು ಬೆಳಿಗ್ಗೆ ಹಾಸಿಗೆಯಿಂದ ಏಳುತ್ತಲೇ ಸೀನಲು ಆರಂಭಿಸುತ್ತಿದ್ದಳು. ಫೆಬ್ರುವರಿ ಕೊನೆಯಲ್ಲಿ ಅವಳಿಗೆ ಅಲರ್ಜಿಯ ಚರ್ಮ ಪರೀಕ್ಷೆ ಮಾಡಿಸಿದೆವು. ಮುಂಗೈಯ ಮೇಲೆ ಸಾಲಾಗಿ ಹನಿಗಳನ್ನಿಟ್ಟು, ಒಂದೊಂದರ ಮೇಲೂ ಸೂಜಿಯಿಂದ ಮೆಲ್ಲಗೆ ಚುಚ್ಚಿ ಕಾಲು ಗಂಟೆ ಕಾದಾಗ, ಧೂಳುನುಸಿಯ ಹನಿ ಬಿದ್ದ ಜಾಗ ಸೊಳ್ಳೆ ಕಚ್ಚಿದಂತೆ ದದ್ದಾಗಿ ಎದ್ದಿತು. ಜಿರಳೆಯ ಹನಿಯ ಜಾಗದಲ್ಲಿ ಅದಕ್ಕಿಂತ ಸ್ವಲ್ಪ ಸಣ್ಣ ದದ್ದು. ಪಕ್ಕದ ಖಾಲಿ ನಿವೇಶನದಲ್ಲಿ ಸೊಂಪಾಗಿ ಬೆಳೆದಿರುವ ಕಾಂಗ್ರೆಸ್ ಗಿಡದ ಮೇಲೆ ನಾವು ಎರಡು ವರ್ಷದಿಂದ ಹೊರಿಸಿಕೊಂಡು ಬಂದಿದ್ದ ಅಪವಾದ ಸುಳ್ಳಾಯಿತು, ಏಕೆಂದರೆ ಪಾರ್ಥೇನಿಯಂ ಹನಿಯ ಜಾಗ ಕೆಂಪಗೂ ಆಗಲಿಲ್ಲ. ಧೂಳುನುಸಿ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ, ಸುಮಾರು ಕಾಲು ಮಿಲಿಮೀಟರ್ ಉದ್ದದ ಜೀವಿ. ಮನುಷ್ಯರ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ, ಆದ್ದರಿಂದ ಹಾಸಿಗೆ ಮತ್ತು ದಿಂಬೇ ಅದರ ಮನೆ. ಸೀನು ಬರಿಸುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೋಟೀನು. ವೈದ್ಯರು ಹೇಳಿದ ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಕೆಲಸಕ್ಕೆ ಇಳಿದೆ, ಆದರೆ ಮೊದಲ ವಾರ ಅದನ್ನು ಮರೆತವನಂತೆಯೇ ನಡೆದುಕೊಂಡೆ.

ಮನೆ ಮೈಸೂರಿನ ಕುವೆಂಪುನಗರದಲ್ಲಿದೆ, 1994ರಲ್ಲಿ ಕಟ್ಟಿದ್ದು. ಎರಡು ಮಲಗುವ ಕೋಣೆ, ನಡುಮನೆ, ಅಡುಗೆಮನೆ, ಕೆಂಪು ಗಾರೆಯ ನೆಲ, ಮೂರು ಕಡೆ ಸಾಮಾನು ತುಂಬುವ ಸಜ್ಜೆ. ಮನೆಯ ಮುಂದಿನ ರಸ್ತೆಯನ್ನು ಪೈಪಿಗಾಗಿ ಅಗೆದು ಮಣ್ಣು ಮುಚ್ಚಿ ಹೋದವರು ಡಾಂಬರು ಹಾಕಲು ಇನ್ನೂ ಬಂದಿಲ್ಲವಾದ್ದರಿಂದ ಧೂಳಿಗೆ ಕೊರತೆಯಿಲ್ಲ. ನನ್ನ ತಾಯಿ ಮಾರ್ಚ್ 2ರಿಂದ ಪ್ರತಿದಿನ ಬೆಳಿಗ್ಗೆ ಏಳರೊಳಗೆ ಮೊಮ್ಮಗಳು ಸೀನಿದ ಲೆಕ್ಕವನ್ನು ಅಡುಗೆಮನೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತ ಬಂದರು. ಮೊದಲ ವಾರದ ಅಂಕಿ 18ರಿಂದ 25ರ ನಡುವೆ ಇತ್ತು. ಈ ಇಡೀ ಕೆಲಸದಲ್ಲಿ ನಂಬಿಕೆಗೆ ಅರ್ಹವಾದ ಅಳತೆಗೋಲು ಅದೊಂದೇ.

ಮಾರ್ಚ್ 8, ಶನಿವಾರ: ಸಜ್ಜೆ ಮತ್ತು ಫ್ಯಾನು

ಮೇಲಿನಿಂದ ಕೆಳಕ್ಕೆ ಬರಬೇಕೆಂಬ ಲೆಕ್ಕದಲ್ಲಿ ಸಜ್ಜೆಗಳಿಂದ ಆರಂಭಿಸಿದೆ. ಕ್ರಮ ಸರಿಯಾಗಿತ್ತು, ವಿಧಾನ ತಪ್ಪಾಗಿತ್ತು. ಒಟ್ಟು ಹದಿನಾಲ್ಕು ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿದೆವು; ಅವುಗಳಲ್ಲಿ ಮೂರು ಪೆಟ್ಟಿಗೆಗಳ ಒಳಗೆ ಮತ್ತೇನೂ ಇರಲಿಲ್ಲ, ಹಿಂದೆಂದೋ ಕೊಂಡ ಮಿಕ್ಸಿ, ಟಿವಿಗಳ ಥರ್ಮಾಕೋಲು ಮಾತ್ರ ಇತ್ತು. ಪೆಟ್ಟಿಗೆ ಇಳಿಸಿದ ಮೇಲೆ ಸಜ್ಜೆಯ ಮೇಲ್ಮೈಯನ್ನು ಹುಲ್ಲಿನ ಪೊರಕೆಯಿಂದ ಒಣಗಿದ್ದಂತೆಯೇ ಗುಡಿಸಿದೆ. ಕಿಟಕಿಯಿಂದ ಬೀಳುತ್ತಿದ್ದ ಹನ್ನೊಂದು ಗಂಟೆಯ ಬಿಸಿಲಿನ ಪಟ್ಟಿಯಲ್ಲಿ ಧೂಳು ಕುಣಿಯುತ್ತಿದ್ದುದು ಕಾಣುತ್ತಿತ್ತು; ಕೆಲಸ ನಿಲ್ಲಿಸಿ ಊಟ ಮುಗಿಸಿ ಬಂದಾಗಲೂ ಅದು ಅಲ್ಲಿಯೇ ತೇಲುತ್ತಿತ್ತು. ಸಂಜೆಯ ಹೊತ್ತಿಗೆ ಸಜ್ಜೆಯ ಮೇಲಿದ್ದುದೆಲ್ಲ ಮಂಚದ ಮೇಲೆ, ಪುಸ್ತಕದ ಮೇಲೆ, ದೇವರ ಪಟಗಳ ಮೇಲೆ ತೆಳ್ಳಗೆ ಕುಳಿತಿತ್ತು.

ಅಂದು ಸರಿಹೋದದ್ದು ಫ್ಯಾನಿನ ಕೆಲಸ ಮಾತ್ರ. ಹಳೆಯ ದಿಂಬಿನ ಕವರನ್ನು ಸ್ವಲ್ಪ ಒದ್ದೆ ಮಾಡಿ ರೆಕ್ಕೆಯ ತುದಿಯಿಂದ ಬುಡದವರೆಗೆ ಚೀಲದಂತೆ ಏರಿಸಿ, ಎರಡೂ ಕಡೆಯಿಂದ ಒತ್ತಿ ಹಿಡಿದು ಹಿಂದಕ್ಕೆ ಎಳೆದರೆ ಕೊಳೆಯೆಲ್ಲ ಕವರಿನೊಳಗೇ ಉಳಿಯುತ್ತದೆ. ನಾಲ್ಕು ಫ್ಯಾನು, ಹನ್ನೆರಡು ರೆಕ್ಕೆ, ಐವತ್ತು ನಿಮಿಷ. ಮೊದಲ ಫ್ಯಾನಿನಲ್ಲಿ ರೆಕ್ಕೆಯನ್ನು ಜೋರಾಗಿ ಒತ್ತಿದ್ದರಿಂದ ಅದು ಸ್ವಲ್ಪ ಬಾಗಿ, ಈಗ ಐದರ ವೇಗದಲ್ಲಿ ಓಲಾಡುತ್ತದೆ. ಮೂರರಲ್ಲಿ ಇಟ್ಟುಕೊಂಡಿದ್ದೇವೆ.

ಮಾರ್ಚ್ 9, ಭಾನುವಾರ: ಹಾಸಿಗೆಯನ್ನು ಬಡಿದದ್ದು

ಮಗಳ ಹಾಸಿಗೆ ಆರು ವರ್ಷದ ಹತ್ತಿಯ ಹಾಸಿಗೆ, ದಿಂಬು ಬೂರುಗದ ಹತ್ತಿಯದು. ಎರಡನ್ನೂ ತಾರಸಿಗೆ ಹೊತ್ತು, ಕೈಪಿಡಿ ಗೋಡೆಯ ಮೇಲೆ ಇಳಿಬಿಟ್ಟು, ಬಟ್ಟೆ ಒಣಗಿಸುವ ಬಿದಿರಿನ ಕೋಲಿನಿಂದ ಇಪ್ಪತ್ತು ನಿಮಿಷ ಬಡಿದೆ. ಪ್ರತಿ ಪೆಟ್ಟಿಗೂ ಹೊಗೆಯಂತೆ ಧೂಳು ಏಳುತ್ತಿದ್ದುದನ್ನು ನೋಡಿ, ಇಷ್ಟೆಲ್ಲ ಹೊರಗೆ ಹೋಯಿತಲ್ಲ ಎಂಬ ಸಮಾಧಾನವೂ ಆಯಿತು. ಆದರೆ ಗಾಳಿ ಮನೆಯ ಕಡೆಗೇ ಬೀಸುತ್ತಿತ್ತು, ಮಾರುದೂರದಲ್ಲಿ ತಂತಿಯ ಮೇಲೆ ಮಗಳ ಶಾಲೆಯ ಸಮವಸ್ತ್ರ ಒಣಗುತ್ತಿತ್ತು, ಮತ್ತು ಅಪ್ಪನಿಗೆ ನೆರವಾಗಲೆಂದು ಮಗಳೇ ದಿಂಬನ್ನು ಹಿಡಿದುಕೊಂಡು ನಿಂತಿದ್ದಳು. ಅಂದು ಮುಖಗವಸನ್ನು ಹಾಕಿಕೊಂಡಿದ್ದವನು ನಾನು, ಅವಳಲ್ಲ. ಸೋಮವಾರ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ 34 ಎಂದು ಬಿತ್ತು, ಮಂಗಳವಾರ 31.

ಅಮ್ಮ ಅಂದು ಸಂಜೆ ತಾರಸಿಗೆ ಬಂದು ನೋಡಿ, “ಬರೀ ಹಾಸಿಗೆ ಬಡಿದ್ಯೇನೋ? ಒದ್ದೆ ಪಂಚೆ ಹಾಸಿ ಅದರ ಮೇಲೆ ಹೊಡೀಬೇಕು,” ಎಂದರು. ಅದನ್ನು ಕೂಡಲೇ ಮಾಡಿ ನೋಡಿದೆ. ಹಳೆಯ ಬಿಳಿ ಪಂಚೆಯನ್ನು ನೀರಿನಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಹಾಸಿಗೆಯ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅಂಗೈ ಅಗಲದ ಹಲಗೆಯಿಂದ ಮೆಲ್ಲಗೆ ತಟ್ಟುತ್ತ ಹೋದೆ. ಗಾಳಿಗೆ ಏನೂ ಏಳಲಿಲ್ಲ. ಪಂಚೆಯನ್ನು ಮಗುಚಿದಾಗ ಅದರ ಒಳಮೈಯಲ್ಲಿ ಹಾಸಿಗೆಯ ಹೊಲಿಗೆಯ ಗುರುತುಗಳೇ ಚೌಕಚೌಕವಾಗಿ ಕಂದುಬಣ್ಣದಲ್ಲಿ ಅಚ್ಚಾಗಿದ್ದವು. ತಲೆಯಿಡುವ ಕಡೆಯ ಎರಡು ಚೌಕಗಳು ಉಳಿದವಕ್ಕಿಂತ ಕಪ್ಪಗಿದ್ದವು. ಆ ಪಂಚೆಯನ್ನು ಮೂರು ಸಲ ಒಗೆದು ಮೂರು ಸಲ ಹಾಸಿದ ಮೇಲೆ ಅಚ್ಚು ಮಸುಕಾಯಿತು. ಅಷ್ಟು ಹೊತ್ತಿಗೆ ಬಿಸಿಲು ಇಳಿದಿದ್ದರಿಂದ ಹಾಸಿಗೆ ಆರದೆ, ಅಂದು ರಾತ್ರಿ ಮಗಳನ್ನು ಚಾಪೆಯ ಮೇಲೆ ಮಲಗಿಸಬೇಕಾಯಿತು. ಈ ಕೆಲಸಕ್ಕೆ ಬೆಳಿಗ್ಗೆ ಒಂಬತ್ತರೊಳಗೆ ಕೈ ಹಾಕಬೇಕು, ಆಮೇಲೆ ಕನಿಷ್ಠ ಐದು ಗಂಟೆಯ ಸುಡುಬಿಸಿಲು ಬೇಕು. ಹಾಸಿಗೆ ಒಳಗೆ ತೇವ ಉಳಿದರೆ ನುಸಿಗೆ ಅದೇ ಹಬ್ಬ.

ಮಾರ್ಚ್ 10ರಿಂದ 14: ಎರಡು ಬಕೆಟ್

ಆ ವಾರ ಕಚೇರಿಯಿಂದ ಬಂದ ಮೇಲೆ ದಿನಕ್ಕೊಂದು ಕೋಣೆಯಂತೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿದೆವು, ಈ ಸಲ ಒಣ ಪೊರಕೆಯನ್ನು ಮುಟ್ಟಲಿಲ್ಲ. ಹತ್ತು ಮೈಕ್ರೋಫೈಬರ್ ಬಟ್ಟೆಗಳಿಗೆ 450 ರೂಪಾಯಿ ಆಯಿತು. ಒಂದು ಬಕೆಟ್ಟಿನಲ್ಲಿ ಎರಡು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿದ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆ ಮೊದಲು ಬರೀ ನೀರಿನ ಬಕೆಟ್ಟಿಗೆ ಹೋಗಿ ಕೊಳೆ ಬಿಟ್ಟು, ಆಮೇಲೆ ಸೋಪಿನ ನೀರಿಗೆ ಬರಬೇಕು. ಮೊದಲ ದಿನ ಒಂದೇ ಬಕೆಟ್ ಇಟ್ಟುಕೊಂಡು ಬೀರುವಿನ ತಲೆಯನ್ನು ಒರೆಸಿದಾಗ, ಒಣಗಿದ ಮೇಲೆ ಅದರ ಮೇಲೆ ಕೆಸರಿನ ಗೀರುಗಳು ಉಳಿದಿದ್ದವು. ಬಟ್ಟೆಯನ್ನು ಎಂಟು ಮಡಿಕೆ ಮಾಡಿಕೊಂಡು ಒಂದೊಂದು ಮಗ್ಗುಲನ್ನು ಬಳಸಿದರೆ ಒಂದು ಬಟ್ಟೆಗೆ ಒಂದು ಗೋಡೆ ಮುಗಿಯುತ್ತದೆ.

ಎಲ್ಲಿ ಹೆಚ್ಚು ಧೂಳಿತ್ತೆಂಬುದನ್ನು ಬರೆದಿಡುವುದು ಉಪಯೋಗವಾದೀತು. ಬೀರುವಿನ ತಲೆ, ಬಾಗಿಲ ಚೌಕಟ್ಟಿನ ಮೇಲಂಚು, ಟ್ಯೂಬ್‌ಲೈಟಿನ ಪಟ್ಟಿ, ಗಡಿಯಾರದ ಹಿಂಬದಿ ಇವು ನಿರೀಕ್ಷಿತ. ನಿರೀಕ್ಷಿಸದೆ ಸಿಕ್ಕಿದ ಜಾಗ ಮಗಳ ಮಂಚದ ತಲೆಹಲಗೆಯ ಹಿಂದೆ ಗೋಡೆಗೂ ಮರಕ್ಕೂ ನಡುವಿನ ಎರಡು ಇಂಚಿನ ಸಂದು. ಅಲ್ಲಿ ಬೆರಳು ದಪ್ಪದ ಬೂದು ಬಣ್ಣದ ಅರಳೆಯಂಥ ಧೂಳು, ಕೂದಲು, ಎರಡು ರಬ್ಬರ್ ಬ್ಯಾಂಡು ಮತ್ತು ಕಳೆದುಹೋಗಿದೆಯೆಂದು ಹೊಸದು ಕೊಡಿಸಿದ್ದ ಜಾಮಿಟ್ರಿ ಬಾಕ್ಸಿನ ಕೈವಾರ ಸಿಕ್ಕಿದವು. ಕಿಟಕಿಯ ಸೊಳ್ಳೆ ಜಾಲರಿಗಳನ್ನು ಬಿಚ್ಚಿ ಹಿತ್ತಲಿನಲ್ಲಿ ಬ್ರಷ್ ಹಾಕಿ ತೊಳೆದೆವು. ಪರದೆಗಳನ್ನು ಒಗೆದು, ಮಗಳ ಕೋಣೆಯದನ್ನು ಮಾತ್ರ ಮತ್ತೆ ಹಾಕಲಿಲ್ಲ.

ಮನೆಗೆಲಸಕ್ಕೆ ಬರುವ ಅಕ್ಕನನ್ನು ಒಪ್ಪಿಸುವುದು ಬೇರೆಯೇ ಕೆಲಸವಾಯಿತು. ಗುಡಿಸದೆ ಒರೆಸಿದರೆ ಮನೆಗೆ ಲಕ್ಷಣವಲ್ಲ, ಮೇಲಾಗಿ ಕಸವೆಲ್ಲ ಬಟ್ಟೆಗೆ ಹತ್ತಿಕೊಂಡು ನೆಲ ಗಲೀಜಾಗುತ್ತದೆ ಎಂಬುದು ಅವರ ಆಕ್ಷೇಪ, ಮತ್ತು ಎರಡನೆಯ ಮಾತು ನಿಜವೂ ಆಗಿತ್ತು. ಕೊನೆಗೆ ಪೊರಕೆಯ ತುದಿಗೆ ಹಿಂಡಿದ ಒದ್ದೆ ಬಟ್ಟೆಯನ್ನು ಸುತ್ತಿ ಮೊದಲು ಎಳೆದುಕೊಂಡು ಬರುವುದು, ಆಮೇಲೆ ಎಂದಿನಂತೆ ಒರೆಸುವುದು ಎಂದು ಅವರೇ ದಾರಿ ಕಂಡುಕೊಂಡರು. ಅದು ನಾನು ಹೇಳಿಕೊಟ್ಟ ವಿಧಾನಕ್ಕಿಂತ ಚೆನ್ನಾಗಿದೆ. ಹೆಚ್ಚಿನ ಕೆಲಸಕ್ಕೆ ಆ ತಿಂಗಳು 600 ರೂಪಾಯಿ ಹೆಚ್ಚು ಕೊಟ್ಟೆವು.

ಮಾರ್ಚ್ 15 ಮತ್ತು 16: ವ್ಯಾಕ್ಯೂಮ್, ಹೊದಿಕೆ, ಕೌದಿ

ಶನಿವಾರ ಭಾವಮೈದುನನ ಮನೆಯಿಂದ ಹಳೆಯ ವ್ಯಾಕ್ಯೂಮ್ ಕ್ಲೀನರನ್ನು ತಂದೆ. ಅದರಲ್ಲಿ ಇರುವುದು ಬಟ್ಟೆಯ ಚೀಲ, ಅತಿ ಸಣ್ಣ ಧೂಳನ್ನೂ ಹಿಡಿದಿಡುವ ಹೆಪಾ ಶೋಧಕವಿಲ್ಲ. ಹಾಸಿಗೆಯ ಒಂದು ಮಗ್ಗುಲನ್ನು ಎಳೆದಾದ ಮೇಲೆ ಕೋಣೆಯಲ್ಲಿ ಮಣ್ಣಿನ ವಾಸನೆ ಬಂದುದರಿಂದ ಸಂಶಯವಾಗಿ, ಬಾಗಿಲು ಕಿಟಕಿ ಮುಚ್ಚಿ ಕತ್ತಲು ಮಾಡಿ, ಯಂತ್ರದಿಂದ ಗಾಳಿ ಹೊರಬೀಳುವ ಜಾಲರಿಗೆ ಅಡ್ಡವಾಗಿ ಟಾರ್ಚ್ ಹಿಡಿದೆ. ಬೆಳಕಿನಲ್ಲಿ ಧೂಳಿನ ಕಾರಂಜಿಯೇ ಕಂಡಿತು: ದಪ್ಪ ಕಸ ಚೀಲದಲ್ಲಿ ನಿಲ್ಲುತ್ತಿತ್ತು, ಸಣ್ಣದೆಲ್ಲ ಹಿಂದಿನಿಂದ ಕೋಣೆಗೇ ವಾಪಸಾಗುತ್ತಿತ್ತು. ಹೆಪಾ ಇರುವ ಯಂತ್ರ ನಮ್ಮ ಕೈಗೆಟುಕುವ ಬೆಲೆಯದಾಗಿರಲಿಲ್ಲ. ಆದ್ದರಿಂದ ಯಂತ್ರವನ್ನು ಜಗಲಿಯಲ್ಲಿ ಬೀದಿಯ ಕಡೆಗೆ ಬೆನ್ನು ಮಾಡಿಸಿ ಇಟ್ಟು, ಹಾಸಿಗೆಯನ್ನೂ ಅಲ್ಲಿಗೇ ತಂದು, ಮಗಳನ್ನು ಅಜ್ಜಿಯೊಂದಿಗೆ ಪಾರ್ಕಿಗೆ ಕಳುಹಿಸಿ, ಎರಡು ಮಗ್ಗುಲೂ ಅಂಚಿನ ಹೊಲಿಗೆಯೂ ಸೇರಿ ನಲವತ್ತು ನಿಮಿಷ ಎಳೆದೆ. ಆ ಮೊದಲೇ ಒದ್ದೆ ಪಂಚೆಯಲ್ಲಿ ತಟ್ಟಿದ್ದ ಹಾಸಿಗೆಯಿಂದ ಮತ್ತೆ ಸಿಕ್ಕಿದ ಧೂಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ 11 ಗ್ರಾಂ. ತಕ್ಕಡಿಯನ್ನು ಇದಕ್ಕೆ ಬಳಸಿದ್ದು ಹೆಂಡತಿಗೆ ಗೊತ್ತಾಗಿ ಆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಬೂರುಗದ ದಿಂಬನ್ನು ಎಸೆದೆವು. ಒಗೆಯಲಾಗದ ದಿಂಬನ್ನು ಉಳಿಸಿಕೊಂಡು ಪ್ರಯೋಜನವಿರಲಿಲ್ಲ. ಯಂತ್ರದಲ್ಲಿ ಒಗೆಯಬಹುದಾದ ಎರಡು ಫೈಬರ್ ದಿಂಬಿಗೆ 700 ರೂಪಾಯಿ.

ಹಾಸಿಗೆಗೆ ನುಸಿ ನುಸುಳದಂತೆ ಒತ್ತಾಗಿ ನೇಯ್ದ, ಆರೂ ಕಡೆ ಮುಚ್ಚಿಕೊಳ್ಳುವ ಜಿಪ್ಪಿನ ಹೊದಿಕೆ ಬೇಕಿತ್ತು. ನೀರು ಇಳಿಯದ ಹೊದಿಕೆಯೂ ನುಸಿ ತಡೆಯುವ ಹೊದಿಕೆಯೂ ಒಂದೇ ಅಲ್ಲ. ರಂಧ್ರದ ಅಳತೆ 10 ಮೈಕ್ರಾನಿಗಿಂತ (ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ) ಕಡಿಮೆ ಎಂದು ಬರೆದಿರುವುದನ್ನು ನೋಡಿ ಕೊಳ್ಳಬೇಕು, ಮತ್ತು ಮೇಲ್ಭಾಗವನ್ನಷ್ಟೇ ಮುಚ್ಚಿ ನಾಲ್ಕು ಮೂಲೆಗೆ ಎಲಾಸ್ಟಿಕ್ ಇರುವುದು ಈ ಕೆಲಸಕ್ಕೆ ಬಾರದು. ಇಷ್ಟೆಲ್ಲ ನೋಡಿದವನು ಅಳತೆಯಲ್ಲಿ ಎಡವಿದೆ. ಮಂಚವನ್ನು ಅಳೆದು 72 ಇಂಚು ಎಂದು ಬರೆದುಕೊಂಡಿದ್ದೆ. ಹತ್ತಿಯ ಹಾಸಿಗೆ ವರ್ಷಗಳಿಂದ ತುಳಿತಕ್ಕೆ ಹಿಗ್ಗಿ 75 ಇಂಚಾಗಿತ್ತು. 1,350 ರೂಪಾಯಿಯ ಹೊದಿಕೆಯ ಜಿಪ್ ಕೊನೆಯ ಮೂಲೆಗೆ ನಾಲ್ಕು ಇಂಚು ಇರುವಾಗ ನಿಂತುಬಿಟ್ಟಿತು, ಎಳೆದಾಗ ಹಲ್ಲು ಕಿತ್ತುಬಂದಿತು. ಬಿಚ್ಚಿದ ಪೊಟ್ಟಣವಾದ್ದರಿಂದ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯದು, 78 ಇಂಚಿನದು, 1,600 ರೂಪಾಯಿ. ದಿಂಬಿನ ಎರಡು ಹೊದಿಕೆಗೆ 500. ಮೊದಲ ಎರಡು ರಾತ್ರಿ ಹೊದಿಕೆ ಸರಸರ ಎನ್ನುತ್ತದೆಂದು ಮಗಳು ದೂರಿದಳು. ಮೇಲೊಂದು ದಪ್ಪ ಹತ್ತಿಯ ಬೆಡ್‌ಶೀಟ್ ಹಾಸಿದ ಮೇಲೆ ಆ ಮಾತು ನಿಂತಿತು.

ಹಾಸಿಗೆಯ ಮೇಲಿನ ಬಟ್ಟೆಗಳನ್ನು ಭಾನುವಾರ ಯಂತ್ರಕ್ಕೆ ಹಾಕಿದೆವು. ನುಸಿ ಸಾಯಲು ನೀರು 60 ಡಿಗ್ರಿ ಸೆಲ್ಸಿಯಸ್ ಇರಬೇಕು. ಆ ಆಯ್ಕೆಯಲ್ಲಿ ನಮ್ಮ ಯಂತ್ರ ಎರಡು ಗಂಟೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ಬಿಳಿ ಬೆಡ್‌ಶೀಟುಗಳು ಚೆನ್ನಾಗಿ ಬಂದವು. ಆ ಉತ್ಸಾಹದಲ್ಲಿ ಎರಡನೆಯ ಸರದಿಗೆ ಹೆಂಡತಿಯ ಅಜ್ಜಿ ಧಾರವಾಡದಿಂದ ಕಳುಹಿಸಿದ್ದ ಕೌದಿಯನ್ನು ಹಾಕಿದೆ. ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕಿ ಮಾಡಿದ ಕೌದಿ ಅದು. ಯಂತ್ರದ ಗಾಜಿನ ಬಾಗಿಲಿನಲ್ಲಿ ನೀರು ಕುಂಕುಮದ ಬಣ್ಣಕ್ಕೆ ತಿರುಗಿದುದನ್ನು ಮೊದಲು ನೋಡಿದವಳು ಮಗಳು. ನಿಲ್ಲಿಸಿ ತೆಗೆಯುವ ವೇಳೆಗೆ ಒಂದು ಕೆಂಪು ಅಂಚಿನ ಬಣ್ಣ ಹಳದಿ, ಬಿಳಿ ತುಂಡುಗಳಿಗೆಲ್ಲ ಹತ್ತಿತ್ತು, ಮತ್ತು ಒಂದು ಸಾಲು ಹೊಲಿಗೆ ಬಿಟ್ಟುಕೊಂಡಿತ್ತು. ಬಣ್ಣದ, ಕೈಹೊಲಿಗೆಯ ಬಟ್ಟೆಗೆ ಬಿಸಿನೀರಲ್ಲ, ತಣ್ಣನೆಯ ದಾರಿಯಿದೆ ಎಂಬುದನ್ನು ವೈದ್ಯರು ಗೊಂಬೆಯ ವಿಷಯದಲ್ಲಿ ಹೇಳಿಯೇ ಇದ್ದರು: ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ದಿನ ಇಟ್ಟರೆ ನುಸಿ ಸಾಯುತ್ತದೆ, ಆಮೇಲೆ ತಣ್ಣೀರಿನಲ್ಲಿ ಒಗೆದು ಅದರ ಹಿಕ್ಕೆಯನ್ನು ತೆಗೆಯಬೇಕು. ಮಗಳ ಕರಡಿ ಗೊಂಬೆ ಹಾಗೆಯೇ ಬಟಾಣಿ ಪೊಟ್ಟಣ ಮತ್ತು ತೆಂಗಿನ ತುರಿಯ ಡಬ್ಬಿಯ ನಡುವೆ ಶುಕ್ರವಾರದಿಂದ ಭಾನುವಾರದವರೆಗೆ ಕುಳಿತಿತ್ತು. ಕೌದಿಯನ್ನು ಮಡಿಸಿ ಅದೇ ರೀತಿ ಇಡಬಹುದಿತ್ತು.

ಮಾರ್ಚ್ 9ರಿಂದ ಇಂದಿನವರೆಗೆ: ಬೂಷ್ಟು ಹಿಡಿದ ಗೋಡೆ

ಇದಕ್ಕೆ ಹೆಚ್ಚು ದಿನ ಹಿಡಿಯಿತು, ಹೆಚ್ಚು ತಪ್ಪುಗಳಾದದ್ದೂ ಇಲ್ಲಿಯೇ. ಮಗಳ ಕೋಣೆಯ ಬೀರುವನ್ನು ಸರಿಸಿದಾಗ ಅದರ ಹಿಂದೆ, ನೆಲದಿಂದ ಒಂದಡಿ ಮೇಲೆ, ಎರಡೂವರೆ ಅಡಿ ಅಗಲ ಒಂದೂವರೆ ಅಡಿ ಎತ್ತರದಷ್ಟು ಜಾಗದಲ್ಲಿ ಹಸಿರುಗಪ್ಪು ಬೂಷ್ಟು ಹಿಡಿದಿತ್ತು. ಗೋಡೆಯ ಆ ಕಡೆ ಬಚ್ಚಲುಮನೆ. ಮೊದಲ ತಪ್ಪು: ಅದನ್ನು ಒಣ ಬ್ರಷ್ಷಿನಿಂದ ಕೆರೆದದ್ದು. ಬೂಷ್ಟಿನ ಪುಡಿ ಕೋಣೆಯೆಲ್ಲ ಹರಡಿತು. ಮಗಳ ಸೋಮವಾರದ 34ರಲ್ಲಿ ಹಾಸಿಗೆಯ ಪಾಲೆಷ್ಟು, ಇದರ ಪಾಲೆಷ್ಟು ಎಂದು ಬೇರ್ಪಡಿಸಲಾರೆ.

ಎರಡನೆಯದು ತಪ್ಪಿಗಿಂತ ದೊಡ್ಡದು. ಮಾರ್ಚ್ 10ರ ರಾತ್ರಿ 60 ರೂಪಾಯಿಯ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು, ಒಂದು ಲೋಟಕ್ಕೆ ಒಂಬತ್ತು ಲೋಟ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಗೋಡೆಗೆ ಹಚ್ಚಿದೆ. ಬೂಷ್ಟಿನ ಬಣ್ಣ ಹತ್ತು ನಿಮಿಷದಲ್ಲಿ ಹೋಯಿತು. ಉಳಿದ ಅರ್ಧ ಬಕೆಟ್ಟನ್ನು ಚೆಲ್ಲುವುದೇಕೆಂದು ಬಚ್ಚಲುಮನೆಯ ನೆಲಕ್ಕೆ ಸುರಿದೆ. ಆ ನೆಲದ ಮೇಲೆ ಅರ್ಧ ಗಂಟೆಯ ಹಿಂದೆ ಕಲೆ ಹೋಗಲೆಂದು ಕಮೋಡಿಗೆ ಹಾಕುವ ಆಸಿಡ್ ಹಾಕಿ ಬಿಟ್ಟಿದ್ದವನೂ ನಾನೇ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗಂಟಲಿಗೆ ಮೆಣಸಿನಪುಡಿ ಎರಚಿದಂತಾಗಿ, ಕಣ್ಣಿನಲ್ಲಿ ನೀರು ಸುರಿದು, ಹೊರಗೆ ಓಡಿಬಂದು ಜಗಲಿಯಲ್ಲಿ ಅರ್ಧ ಗಂಟೆ ಕೆಮ್ಮುತ್ತ ಕುಳಿತೆ. ಮುಖದ ಮೇಲೆ ಎನ್-95 ಇತ್ತು. ಅದು ಧೂಳನ್ನು ತಡೆಯುತ್ತದೆ, ಅನಿಲವನ್ನಲ್ಲ. ಹೆಂಡತಿ ಎಲ್ಲರನ್ನೂ ಹೊರಗೆ ಕರೆತಂದು, ಮನೆಯ ಕಿಟಕಿಗಳನ್ನೆಲ್ಲ ತೆರೆದಳು. ಎರಡು ಗಂಟೆ ಒಳಗೆ ಯಾರೂ ಹೋಗಲಿಲ್ಲ. ಆಸಿಡ್ ಬಾಟಲಿ ಮತ್ತು ಬ್ಲೀಚ್ ಬಾಟಲಿ ಈಗ ಮನೆಯ ಎರಡು ಬೇರೆ ಬೇರೆ ದಿಕ್ಕುಗಳಲ್ಲಿವೆ.

ಮೂರನೆಯದು: ಮಾರ್ಚ್ 12ರಂದು ಆ ಜಾಗಕ್ಕೆ ಡಬ್ಬಿಯಲ್ಲಿ ಉಳಿದಿದ್ದ ಬಣ್ಣವನ್ನು ಬಳಿದದ್ದು. ಶನಿವಾರದ ಹೊತ್ತಿಗೆ ಬಣ್ಣದ ಮೇಲೆ ಸಾಸಿವೆಕಾಳಿನ ಗಾತ್ರದ ಗುಳ್ಳೆಗಳೆದ್ದು, ಅಂಚಿನಲ್ಲಿ ಬೂಷ್ಟಿನ ನೆರಳು ಮತ್ತೆ ಕಾಣಿಸಿತು. ಗೋಡೆ ಒಳಗಿನಿಂದಲೇ ಒದ್ದೆಯಾಗುತ್ತಿರಬೇಕೆಂದು ಆಗ ಹೊಳೆಯಿತು. ಒಂದೂವರೆ ಅಡಿ ಚೌಕದ ಎರಡು ಪಾಲಿಥೀನ್ ಹಾಳೆಗಳನ್ನು ಕತ್ತರಿಸಿ, ಒಂದನ್ನು ಈ ಗೋಡೆಗೆ, ಇನ್ನೊಂದನ್ನು ಎದುರು ಗೋಡೆಗೆ, ನಾಲ್ಕು ಅಂಚೂ ಗಾಳಿಯಾಡದಂತೆ ಟೇಪ್ ಹಚ್ಚಿ ಒಂದು ದಿನ ಬಿಟ್ಟೆ. ಭಾನುವಾರ ಎದುರು ಗೋಡೆಯ ಹಾಳೆ ಒಣಗಿಯೇ ಇತ್ತು. ಇದರ ಒಳಮೈಯಲ್ಲಿ, ಇಡ್ಲಿ ಪಾತ್ರೆಯ ಮುಚ್ಚಳದಂತೆ, ನೀರಿನ ಹನಿಗಳು ಸಾಲುಗಟ್ಟಿದ್ದವು. ಕೋಣೆಯ ಗಾಳಿಯ ತೇವವಾಗಿದ್ದರೆ ಹನಿಗಳು ಹಾಳೆಯ ಹೊರಮೈಯಲ್ಲಿರುತ್ತಿದ್ದವು. 380 ರೂಪಾಯಿಯ ತೇವಾಂಶ ಮಾಪಕ ಅದೇ ಮೂಲೆಯಲ್ಲಿ ಬೆಳಿಗ್ಗೆ ಏಳಕ್ಕೆ ಗಾಳಿಯ ತೇವಾಂಶ ಶೇಕಡಾ 71 ಎಂದು ತೋರಿಸಿತು. ನುಸಿಯನ್ನು ಹಿಡಿತದಲ್ಲಿಡಬೇಕಾದರೆ ಐವತ್ತರ ಆಸುಪಾಸಿನಲ್ಲಿರಬೇಕು.

ಅಂದಿನಿಂದ ಆ ಬಚ್ಚಲುಮನೆಯನ್ನು ಮುಚ್ಚಿ, ಐದು ಜನರೂ ಹಿತ್ತಲಿನ ಬಚ್ಚಲಿಗೆ ಬೆಳಿಗ್ಗೆ ಸರದಿ ಹಚ್ಚಿದೆವು. ಗಾರೆ ಕೆಲಸದವರು 22ರ ಶನಿವಾರ ಬರಬೇಕಿತ್ತು. ಅಂದು ಕರ್ನಾಟಕ ಬಂದ್‌ಗೆ ಕರೆಯಿದ್ದುದರಿಂದ 23ಕ್ಕೆ ಬಂದರು. ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದೇ ಟೈಲ್ಸನ್ನು ತಟ್ಟುತ್ತ ಹೋಗಿ, ಕೆಳಗಿನಿಂದ ಎರಡನೆಯ ಸಾಲಿನಲ್ಲಿ ಮೂರನ್ನು ತೋರಿಸಿದರು. ಉಳಿದವು ಕಲ್ಲಿನ ಸದ್ದು ಕೊಟ್ಟರೆ ಆ ಮೂರು ಖಾಲಿ ಡಬ್ಬಿಯ ಸದ್ದು ಕೊಟ್ಟವು. ಕೆಳಗಿನ ನಾಲ್ಕು ಸಾಲುಗಳ ಸಂದಿನಲ್ಲಿ ತುಂಬಿದ್ದ ಸಿಮೆಂಟು ನೀರಿಗೆ ಕರಗಿಹೋಗಿತ್ತು, ಸ್ನಾನದ ನೀರೆಲ್ಲ ಅಲ್ಲಿಂದ ಇಳಿಯುತ್ತಿತ್ತು. ಆ ಮೂರನ್ನು ಕಿತ್ತು ಕೂರಿಸಿ, ಸಂದುಗಳನ್ನು ಕೆರೆದು ನೀರು ಇಳಿಯದ ಎಪಾಕ್ಸಿ ಅಂಟು ತುಂಬಿದರು. ಸಾಮಾನು, ಕೂಲಿ ಸೇರಿ 3,200 ರೂಪಾಯಿ. ಎರಡು ದಿನ ನೀರು ಬೀಳಿಸಬಾರದೆಂದರು, ನಾವು ನಾಲ್ಕು ದಿನ ಬಿಟ್ಟೆವು.

ಕೋಣೆಯ ಕಡೆಯ ಗೋಡೆಯ ಬಣ್ಣವನ್ನು 29ರಂದು ಕೆರೆದೆ, ಈ ಸಲ ನೀರು ಸಿಂಪಡಿಸಿಕೊಂಡು, ಕೆಳಗೆ ಒದ್ದೆ ಗೋಣಿಚೀಲ ಹಾಸಿ, ಕೋಣೆಯ ಬಾಗಿಲು ಮುಚ್ಚಿ ಕಿಟಕಿ ತೆರೆದು. ಮೂರು ಪದರ ಬಣ್ಣದ ಕೆಳಗೆ ಮನೆ ಕಟ್ಟಿದಾಗ ಬಳಿದ ಸುಣ್ಣ ಸಿಕ್ಕಿತು. ಅದರ ಮೇಲೆ ಬೂಷ್ಟಿನ ಒಂದು ಚುಕ್ಕೆಯೂ ಇರಲಿಲ್ಲ, ಬೂಷ್ಟೆಲ್ಲ ಇದ್ದುದು ಮೇಲಿನ ಬಣ್ಣದ ಪದರಗಳಲ್ಲಿ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬೇರೂರುವುದಿಲ್ಲ, ಗೋಡೆಯ ತೇವವೂ ಅದರ ಮೂಲಕ ಹೊರಗೆ ಹೋಗಬಲ್ಲದು. ಹಾಗಾಗಿ ಇಲ್ಲಿಗೆ ಮತ್ತೆ ಸುಣ್ಣವನ್ನೇ ಬಳಿಯುವುದೆಂದು ನಿರ್ಧರಿಸಿದ್ದೇವೆ, ಆದರೆ ಗೋಡೆ ಪೂರ್ತಿ ಆರಿದ ಮೇಲೆ.

ಮಾರ್ಚ್ 17ರಿಂದ 28: ಅಡುಗೆಮನೆಯ ಜಿರಳೆ

ಇದು ಬೇಗ ಮುಗಿಯಿತು. ಫ್ರಿಜ್ಜಿನ ಹಿಂದೆ, ಸಿಂಕಿನ ಕೆಳಗೆ, ಸಿಲಿಂಡರಿನ ಪಕ್ಕ ಅಂಟುಹಾಳೆ ಇಟ್ಟಾಗ ಮೊದಲ ರಾತ್ರಿ ಹದಿನಾಲ್ಕು ಜಿರಳೆ ಸಿಕ್ಕಿದವು. ಶೆಲ್ಫುಗಳಿಗೆ ಹಾಸಿದ್ದ ಹಳೆಯ ಪತ್ರಿಕೆಗಳನ್ನು ತೆಗೆದಾಗ ಕೆಳಗೆ ಚಹಾಪುಡಿಯಂಥ ಹಿಕ್ಕೆಯಿತ್ತು. ಸೋಪಿನ ನೀರಿನಲ್ಲಿ ಒರೆಸಿದೆವು, ಮತ್ತೆ ಪತ್ರಿಕೆ ಹಾಸಲಿಲ್ಲ. ಸಜ್ಜೆಯ ರಟ್ಟಿನ ಪೆಟ್ಟಿಗೆಗಳನ್ನೂ ರದ್ದಿಗೆ ಹಾಕಿ, ಮುಚ್ಚಳವಿರುವ ಆರು ಪ್ಲಾಸ್ಟಿಕ್ ಪೆಟ್ಟಿಗೆ ತಂದೆವು, 2,100 ರೂಪಾಯಿ. ಕೀಲು, ಸಂದುಗಳಲ್ಲಿ ಜಿರಳೆ ಜೆಲ್ಲಿನ ಚುಕ್ಕೆಗಳನ್ನಿಟ್ಟೆ. ಐದು ದಿನವಾದರೂ ಚುಕ್ಕೆಗಳನ್ನು ಏನೂ ಮುಟ್ಟಿರಲಿಲ್ಲ. ವಿಚಾರಿಸಿದರೆ, ಅಮ್ಮ ರಾತ್ರಿ ಮಲಗುವ ಮುನ್ನ ಅಭ್ಯಾಸಬಲದಿಂದ ಜಿರಳೆಯ ಸೀಮೆಸುಣ್ಣದಲ್ಲಿ ಅವೇ ಜಾಗಗಳ ಸುತ್ತ ಗೀಟೆಳೆಯುತ್ತಿದ್ದರು! ಗೀಟು ದಾಟಿ ಜೆಲ್ ತಿನ್ನಲು ಜಿರಳೆಗಳೇ ಬರುತ್ತಿರಲಿಲ್ಲ. ಗೀಟನ್ನು ಒರೆಸಿದ ಮೂರನೆಯ ದಿನದಿಂದ ಸತ್ತ ಜಿರಳೆಗಳು ಸಿಗತೊಡಗಿದವು. 28ರ ರಾತ್ರಿ ಅಂಟುಹಾಳೆಯಲ್ಲಿದ್ದವು ಮೂರು. ಜೆಲ್ 290, ಅಂಟುಹಾಳೆ 200.

ಸಾಂಬ್ರಾಣಿಯ ವಿಷಯ ಇದಕ್ಕಿಂತ ನಾಜೂಕಿನದಾಗಿತ್ತು. ಮಂಗಳವಾರ, ಶುಕ್ರವಾರ ಮನೆಯೆಲ್ಲ ಧೂಪ ಹಾಕುವುದು ಅಮ್ಮನ ಐವತ್ತು ವರ್ಷದ ರೂಢಿ, ಅದರ ಹೊಗೆ ಮಗಳ ಮೂಗಿಗೆ ಆಗುವುದಿಲ್ಲವೆಂದು ಹೇಳುವ ಧೈರ್ಯ ನನಗಿರಲಿಲ್ಲ. ಕ್ಯಾಲೆಂಡರಿನ ಅಂಕಿಗಳನ್ನು ಬರೆಯುತ್ತಿದ್ದವರು ಅವರೇ ಆದ್ದರಿಂದ, ಬುಧವಾರ ಮತ್ತು ಶನಿವಾರದ ಬೆಳಗಿನ ಅಂಕಿ ಮೂರೋ ನಾಲ್ಕೋ ಹೆಚ್ಚಿರುವುದನ್ನು ಮೊದಲು ಗಮನಿಸಿದವರೂ ಅವರೇ. ಈಗ ಧೂಪ ಹಿತ್ತಲಿನ ತುಳಸಿಕಟ್ಟೆಯ ಬಳಿ.

ಏಪ್ರಿಲ್ 6, ಭಾನುವಾರ

ಕೆಲಸದಕ್ಕನಿಗೆ ಕೊಟ್ಟ 600 ಬಿಟ್ಟು ಒಟ್ಟು ಖರ್ಚು, ಮುಖಗವಸಿನ 300 ಸೇರಿ, 11,130 ರೂಪಾಯಿ. ಅದರಲ್ಲಿ 1,350 ಸುಮ್ಮನೆ ಹೋದದ್ದು. ಗೋಡೆಯ ಮೂಲವನ್ನು ಮೊದಲೇ ಹುಡುಕಿದ್ದರೆ ಬ್ಲೀಚಿನ 60 ಮತ್ತು ಆ ರಾತ್ರಿಯ ಕೆಮ್ಮು ಉಳಿಯುತ್ತಿದ್ದವು. ಕ್ಯಾಲೆಂಡರಿನ ಅಂಕಿ ಮಾರ್ಚ್ 18ರ ಹೊತ್ತಿಗೆ 12ಕ್ಕೆ ಇಳಿದು, ಯುಗಾದಿಯ ಬೆಳಿಗ್ಗೆ 9 ಇತ್ತು, ಇಂದು 7. ಸೊನ್ನೆಯಾಗಿಲ್ಲ, ಹಾಸಿಗೆಯೊಳಗಿನ ಹಳೆಯ ಹಿಕ್ಕೆ ಹೊದಿಕೆಯೊಳಗೇ ಇದೆ, ಕೋಣೆಯಲ್ಲಿ ಉಳಿದದ್ದು ತೊಲಗಲು ತಿಂಗಳುಗಳೇ ಬೇಕೆಂದು ವೈದ್ಯರು ಹೇಳಿದ್ದಾರೆ. ಬೆಡ್‌ಶೀಟು, ದಿಂಬಿನ ಕವರುಗಳಿಗೆ ವಾರಕ್ಕೊಮ್ಮೆ 60 ಡಿಗ್ರಿಯ ಒಗೆತ ನಡೆಯುತ್ತಿದೆ.

ಪುಸ್ತಕದ ಕಪಾಟು ಇನ್ನೂ ಅರ್ಧ ಬಾಕಿ. ಕೌದಿಯ ಬಿಚ್ಚಿದ ಸಾಲನ್ನು ಅಮ್ಮ ಹೊಲಿಯುತ್ತಿದ್ದಾರೆ, ಹತ್ತಿದ ಕೆಂಪು ಹೋಗುವಂತಿಲ್ಲ; ಧಾರವಾಡಕ್ಕೆ ಈ ವಿಷಯವನ್ನು ಯಾರು ಹೇಳಬೇಕೆಂಬುದು ತೀರ್ಮಾನವಾಗಿಲ್ಲ. ಬೋಳು ಗೋಡೆಯ ಮುಂದಿನ ಮಾಪಕ ಇಂದು ಬೆಳಿಗ್ಗೆ 58 ತೋರಿಸಿತು. ಪಾಲಿಥೀನ್ ಹಾಳೆಯನ್ನು ನಿನ್ನೆ ಮತ್ತೆ ಹಚ್ಚಿದ್ದೆ. ಮಧ್ಯಾಹ್ನ ಪಾನಕ, ಕೋಸಂಬರಿ ಮುಗಿದ ಮೇಲೆ ಬಿಚ್ಚಿ ನೋಡಿದಾಗ ಕೆಳಗಿನ ಒಂದು ಮೂಲೆಯಲ್ಲಿ ಮಾತ್ರ ತೆಳುವಾದ ಮಂಜಿತ್ತು. ಬೀರುವನ್ನು ಗೋಡೆಯಿಂದ ಆರು ಇಂಚು ದೂರ ನಿಲ್ಲಿಸಿದ್ದೇವೆ, ಸುಣ್ಣ ಏಪ್ರಿಲ್ ಕೊನೆಗೆ.